ಮೆಟಿಲ್ಡಾ ಪಟ್ಟಕ್ಕೇರಿದ ಶುಕ್ರವಾರ

ಗ್ರೀಷ್ಮಾಳಿಗೆ ತಾಳಮದ್ದಳೆಯ ಹುಚ್ಚು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತಿನಲ್ಲೇ ಹೊಡೆದಾಡುವ ಆಟ. ದೋಹಾದ ಹತ್ತಿರದ ಹಮದ್ ಬಂದರಿನಲ್ಲಿ ಕಂಟೇನರುಗಳ ಕಾಗದಪತ್ರ ನೋಡಿಕೊಳ್ಳುವ ಈ ಪುತ್ತೂರಿನವಳು ಕಂಪನಿ ಬಸ್ಸಿನಲ್ಲೂ ಬಾಯೊಳಗೇ ಅರ್ಥ, ಅಂದರೆ ಪಾತ್ರದ ಮಾತು, ಹೇಳಿಕೊಳ್ಳುತ್ತಿದ್ದಳು. ಆದರೆ ದೋಹಾದ ನಮ್ಮ ಕೂಟ ಅವಳಿಗೆ ಕೊಟ್ಟದ್ದು ಬರೀ ಸಖಿ, ದೂತಿಯ ಪಾತ್ರ. ಮದ್ದಳೆ ನುಡಿಸುವ ನನಗೇ ಮೈ ಉರಿಯುತ್ತಿತ್ತು. ಗಂಡಸರು ತಡವರಿಸಿದರೆ ಭಾವಪೂರ್ಣ ಮೌನವಂತೆ, ಇವಳು ತಡವರಿಸಿದರೆ ಅಭ್ಯಾಸ ಸಾಲದಂತೆ!

ಈ ಸಲ, ಪದ್ಯ ಹಾಡಿ ಕೂಟ ನಡೆಸುವ ಭಾಗವತ ಯಜ್ಞೇಶ್ ಇಂಗ್ಲೆಂಡಿನ ಹಳೇ ಕಥೆಯೊಂದಕ್ಕೆ ಪದ್ಯ ಕಟ್ಟಿದ್ದರು. ದೊರೆ ಹೆನ್ರಿಯ ಮಗ ಹಡಗು ಮುಳುಗಿ ಸತ್ತ. ಪಟ್ಟ ಮಗಳು ಮೆಟಿಲ್ಡಾಳಿಗೆ ಎಂದು ದೊರೆ ಸರದಾರರಿಂದ ಭಾಷೆ ತೆಗೆದುಕೊಂಡ. ಅವನು ಕಣ್ಣು ಮುಚ್ಚಿದ್ದೇ ತಡ, ಸೋದರಳಿಯ ಸ್ಟೀಫನ್ ಓಡಿಬಂದು ಕಿರೀಟ ಇಟ್ಟುಕೊಂಡ. ಮೆಟಿಲ್ಡಾ ಆಗಲು ಯಾರೂ ಒಪ್ಪದೆ ಅದು ಗ್ರೀಷ್ಮಾಳ ಪಾಲಿಗೆ ಬಂತು. ಎದುರಿಗೆ ಸ್ಟೀಫನ್ ಆಗಿ ತನಿಯಣ್ಣ. ಇನ್ನೊಬ್ಬರ ಬಾಯಿ ಮುಚ್ಚಿಸುವುದರಲ್ಲಿ ಎತ್ತಿದ ಕೈ.

"ತನಿಯಣ್ಣನಿಗೆ ಉತ್ತರ ಕೊಟ್ರೆ ಮುಂದೆಯೂ ದೊಡ್ಡ ಅರ್ಥ ಕೊಡ್ತೇನೆ. ಮಾತು ನಿಂತ್ರೆ ಖಲಾಸ್, ಮತ್ತೆ ಕೇಳ್ಲಿಕ್ಕಿಲ್ಲ," ಎಂದರು ಯಜ್ಞೇಶ್.

ಶುಕ್ರವಾರ ದೋಹಾದ ಅಬು ಹಮೂರಿನ ವಿಲ್ಲಾದ ಹಾಲಿನಲ್ಲಿ ಕೂಟ. ವಾದ ಬಿಗಿಯಾಗುತ್ತಿದ್ದಂತೆ ತನಿಯಣ್ಣ ಮೀಸೆಯಡಿ ನಕ್ಕರು. "ಮೆಟಿಲ್ಡಾ, ನೀನು ನನಗೆ ಮಾವನ ಮಗಳಲ್ಲವೇ? ಯುದ್ಧವೇಕೆ? ನನ್ನ ಕೈ ಹಿಡಿ, ಪಕ್ಕದಲ್ಲಿ ರಾಣಿಯಾಗಿ ಕೂರು!"

ಸಭೆ ಹೋ ಎಂದು ನಕ್ಕಿತು. "ಹೌದಲ್ಲಾ! ಮೊದ್ಲೇ ಮದುವೆ ಮಾಡಿಸಿದ್ರೆ ಇಷ್ಟು ರಗಳೆಯೇ ಇರ್ಲಿಲ್ಲ ಮಾರಾಯ್ರೆ," ಎಂದರು ಮುಂದೆ ಕೂತಿದ್ದ ಪೂವಕ್ಕ. ಕಥೆಯ ಆ ಇಬ್ಬರಿಗೂ ಬೇರೆ ಕಡೆ ಮದುವೆಯಾಗಿ ಮಕ್ಕಳಿದ್ದದ್ದು ಯಾರಿಗೆ ಬೇಕಿತ್ತು! ನಮ್ಮವರಿಗೆ ಮಾವನ ಮಗಳೆಂದರೆ ಮುಗಿಯಿತು.

ಗ್ರೀಷ್ಮಾಳ ಮಾತು ನಿಂತಿತು. ಯಜ್ಞೇಶ್ ಮುಂದಿನ ಪದ್ಯಕ್ಕೆ ಜಾಗಟೆ ಎತ್ತಿದರು. ಅಯ್ಯೋ, ಹೋಯಿತಲ್ಲ ಎಂದುಕೊಂಡು ನಾನೂ ಮದ್ದಳೆಗೆ ಕೈ ಇಟ್ಟೆ.

"ತಾಳು ಭಾವ," ಎಂದಳು ಗ್ರೀಷ್ಮಾ. "ಹೆಣ್ಣು ಕೇಳಲು ಬರುವವನು ಹೆಣ್ಣಿನ ಮನೆ ದೋಚಿಕೊಂಡು ಬರುತ್ತಾನೆಯೇ? ನನ್ನಪ್ಪ, ಹೊರಗಿನಿಂದ ಬಂದು ಗೆದ್ದವರ ಮಗ. ಈ ನೆಲದ ಹಳೆಯ ಅರಸುಮನೆತನ ನನ್ನ ತಾಯಿಯದು. ಅವಳ ಕೈ ಹಿಡಿದ ಮೇಲೆಯೇ ಅಪ್ಪನ ಸಿಂಹಾಸನ ಗಟ್ಟಿಯಾದದ್ದು. ನೀನು ಕೂತಿರುವುದು ನನ್ನ ತಾಯಿಮನೆಯ ಪೀಠದ ಮೇಲೆ. ಇಳಿ. ಇಳಿದು, ನೆಲದಲ್ಲಿ ನಿಂತು ಹೆಣ್ಣು ಕೇಳು. ಒಪ್ಪುವುದೋ ಬಿಡುವುದೋ ಆಮೇಲೆ ಹೇಳುತ್ತೇನೆ."

ತಾಯಿಯ ಕಡೆಯಿಂದಲೇ ಮನೆತನ ಎಣಿಸುವ ಕರಾವಳಿ ಕಡೆಯ ಜನ ನಾವು. ನಗು ಅಲ್ಲಿಗೇ ನಿಂತಿತು. "ಸಮಾ ಹೇಳಿದ್ಲು!" ಎಂದರು ಪೂವಕ್ಕನೇ.

ಕಥೆಯ ಪ್ರಕಾರ ಸ್ಟೀಫನ್ ಈಗ ಗರ್ಜಿಸಿ ಯುದ್ಧಕ್ಕೆ ಹೊರಡಬೇಕು. ತನಿಯಣ್ಣ ಎದ್ದರು. ಮತ್ತೆ ಕುರ್ಚಿ ಬಿಟ್ಟು ಕೆಳಗೆ ಕಾರ್ಪೆಟ್ಟಿನ ಮೇಲೆ ಕೂತರು.

"ಯುದ್ಧದ ಪದ್ಯ ಬಾಕಿ ಉಂಟಲ್ಲ ಮಾರಾಯ್ರೆ!" ಯಜ್ಞೇಶ್ ಪಿಸುಗುಟ್ಟಿದರು.

"ಎಂತ ಯುದ್ಧ? ನನ್ನ ಹತ್ರ ಉತ್ತರ ಮಾಫಿ, ಇಲ್ಲವೇ ಇಲ್ಲ. ಮಂಗಳ ಹಾಡಿ, ಯಲ್ಲಾ, ಬೇಗ."

ಇಂಗ್ಲೆಂಡನ್ನು ವರ್ಷಗಟ್ಟಲೆ ಸುಟ್ಟ ಯುದ್ಧ ಅಬು ಹಮೂರಿನಲ್ಲಿ ನಡೆಯಲೇ ಇಲ್ಲ. ಮೆಟಿಲ್ಡಾಳಿಗೆ ಪಟ್ಟವಾಯಿತು. ಖುಷಿಯಲ್ಲಿ ನಾನು ಮದ್ದಳೆ ಹರಿಯುವಷ್ಟು ಬಾರಿಸಿದೆ.

ಎಲ್ಲ ಮುಗಿದ ಮೇಲೆ ಯಜ್ಞೇಶ್ ಅವಳ ಹತ್ತಿರ ಬಂದರು. "ಮುಂದಿನ ಕೂಟದಲ್ಲಿ ಯಾವ ಅರ್ಥ ಬೇಕು, ನೀನೇ ಹೇಳು."

ಗ್ರೀಷ್ಮಾ ತನಿಯಣ್ಣ ಬಿಟ್ಟಿದ್ದ ಕುರ್ಚಿಯ ಕಡೆ ನೋಡಿದಳು.

"ಇದೇ ಕಥೆ ಇಡಿ. ನಂಗೆ ಸ್ಟೀಫನ್ ಕೊಡಿ," ಎಂದಳು. "ನಾನಾದ್ರೆ ಇಳೀತಿರ್ಲಿಲ್ಲ."