ಕುಮಾಸಿಯ ಗಾಡಿಗೆ ಒಬ್ಬರು ಕಡಿಮೆ

ನಾನೀಗ ಇರುವ ಈ ಪರದೇಶದ ನಗರದಲ್ಲಿ, ಕಾಕಿ ಬುಕಿತ್‌ನ ನಮ್ಮ ಗೋದಾಮಿನಲ್ಲಿ ಹೋದ ವಾರ ಒಂದು ಡ್ರಮ್ಮಿನ ಮುಚ್ಚಳ ತೆಗೆದಾಗ ಬಂದ ವಾಸನೆಗೆ ನಾನು ನಿಂತಲ್ಲೇ ನಿಂತುಬಿಟ್ಟೆ. ಶಿಯಾ ಬೆಣ್ಣೆ. ಸೋಪು, ಕ್ರೀಮು ಮಾಡುವವರಿಗೆ ನಾವು ತರಿಸಿಕೊಡುವ ಮಾಲು. ಅದರ ಹೆಸರನ್ನು ಕಾಗದದ ಮೇಲೆ ಎಷ್ಟೋ ಸಲ ಓದಿದ್ದೆ, ಇಲ್ಲಿಗೆ ಬಂದ ಮೇಲೆ ಅದು ಮೂಗಿಗೆ ಬಡಿದದ್ದು ಇದೇ ಮೊದಲು. ಹುರಿದ ಬೀಜ, ಸೌದೆಯ ಹೊಗೆ, ಸ್ವಲ್ಪ ಕಮಟು ಹಿಡಿದ ತುಪ್ಪ, ಎಲ್ಲ ಸೇರಿದ ಘಾಟು ಅದು. ಜೊತೆಗೆ ಕೆಲಸ ಮಾಡುವ ಬೆಂಗಳೂರಿನ ಹುಡುಗಿ "ಮೇಡಂ, ಏನಾಯ್ತು? ಅಲರ್ಜಿ ಆಗ್ತಿದೆಯಾ? ಮಾಸ್ಕ್ ತಂದ್ಕೊಡ್ಲಾ?" ಎಂದಳು. ಹೂಂ, ಅಲರ್ಜಿ ಎಂದೆ. ಇನ್ನೇನು ಹೇಳಲಿ? ನನ್ನ ಬಾಲ್ಯವೆಲ್ಲ ಈ ಡ್ರಮ್ಮಿನಲ್ಲಿದೆ ಮಾರಾಯ್ತಿ ಅಂದರೆ ಅವಳಿಗೆ ಏನು ಅರ್ಥವಾಗಬೇಕು?

ಅಪ್ಪ ಬಾಗಲಕೋಟೆಯ ಕಡೆಯವರು, ಘಾನಾ ದೇಶದ ಉತ್ತರದಲ್ಲಿರುವ ತಮಾಲೆ ಎಂಬ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ನಮಗೆ ಕೊಟ್ಟದ್ದು ತಗಡಿನ ಮಾಡಿನ ಎರಡು ಕೋಣೆಯ ಮನೆ. ಊರ ತುಂಬ ಬೇವಿನ ಮರಗಳಿದ್ದವು, ಅಮ್ಮ ಹೊಸದರಲ್ಲಿ ಅವನ್ನು ನೋಡಿಯೇ ಸಮಾಧಾನ ಮಾಡಿಕೊಂಡಳಂತೆ. ಚಳಿಗಾಲದಲ್ಲಿ ಮರುಭೂಮಿಯ ಕಡೆಯಿಂದ ಒಣಗಾಳಿ ಬೀಸಿತೆಂದರೆ ತಿಂಗಳುಗಟ್ಟಲೆ ಆಕಾಶವೇ ಕಾಣದು. ತುಟಿ ಒಡೆಯುತ್ತಿತ್ತು, ಬಟ್ಟಲಿನಲ್ಲಿ ಬಡಿಸಿಟ್ಟ ಅನ್ನದ ಮೇಲೆ ಕೆಂಪು ಮಣ್ಣು ಕೂರುತ್ತಿತ್ತು, ಅಮ್ಮ ಲಿಂಗಪೂಜೆಗೆ ಕೂರುವ ಮಣೆಯನ್ನು ದಿನಕ್ಕೆ ಮೂರು ಸಲ ಒರೆಸಿ ಗೊಣಗುತ್ತಿದ್ದಳು. ಆಗ ಗೋಡೆಯಾಚೆಯಿಂದ ಅಜಾರಾ ಒಂದು ಸೋರೆಬುರುಡೆಯ ತುಂಬ ಶಿಯಾ ಬೆಣ್ಣೆ ಹಿಡಿದು ಬರುತ್ತಿದ್ದಳು. ಪಕ್ಕದ ಮನೆಯ ಹೆಂಗಸು. ಅಂಗಳದಲ್ಲೇ ಬೀಜ ಹುರಿದು, ಅರೆದು, ಕಡೆದು ಬೆಣ್ಣೆ ತೆಗೆದು ಮಾರುವವಳು. ನನ್ನ ಗಲ್ಲ, ಮೊಣಕೈ, ಹಿಮ್ಮಡಿಗೆಲ್ಲ ತಾನೇ ತಿಕ್ಕುತ್ತಿದ್ದಳು. ಅಮ್ಮ ಅವಳೊಂದಿಗೆ ಅಪ್ಪಟ ಬಾಗಲಕೋಟೆ ಕನ್ನಡದಲ್ಲಿ ಮಾತಾಡುತ್ತಿದ್ದಳು, ಅವಳು ಅವಳ ಭಾಷೆಯಲ್ಲಿ. ಹರಕು ಮುರುಕು ಇಂಗ್ಲಿಷ್ ನಡುವೆ ಓಡಾಡುತ್ತಿತ್ತು. ಇಬ್ಬರೂ ಗಂಟೆಗಟ್ಟಲೆ ನಗುತ್ತಿದ್ದರು. ಅಮ್ಮ ಆಮೇಲೆ ಯಾರೊಂದಿಗೂ ಹಾಗೆ ನಕ್ಕಿದ್ದನ್ನು ನಾನು ಕಾಣೆ.

ಒಂದೇ ಒಂದು ವಿಷಯಕ್ಕೆ ಇಬ್ಬರಿಗೂ ಸರಿಹೋಗುತ್ತಿರಲಿಲ್ಲ. ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎನ್ನುವುದು ನಮ್ಮ ಕಡೆಯ ರೂಢಿ, ನಿಮಗೂ ಗೊತ್ತಿರುತ್ತದೆ. ಅಜಾರಾಳ ಜನರಲ್ಲಿ ಕೇಳದಿದ್ದರೇ ಅಸಡ್ಡೆ. ಕುಶಲ ವಿಚಾರಿಸುವುದಕ್ಕೇ ಅವರಿಗೆ ಐದು ನಿಮಿಷ ಬೇಕು. ಅಮ್ಮ ಚೀಲ ಹಿಡಿದು ಹೊಸ್ತಿಲು ದಾಟುವುದೇ ತಡ, ಗೋಡೆಯ ಮೇಲೆ ಅವಳ ಮುಖ ಕಾಣಿಸಿಕೊಂಡು "ಎಲ್ಲಿಗೆ?" ಎನ್ನುತ್ತಿತ್ತು. ಅಮ್ಮ ಹಣೆ ಚಚ್ಚಿಕೊಂಡು ಒಳಗೆ ಬಂದು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡುತ್ತಿದ್ದಳು.

ಆ ಊರಿನ ಪ್ರಯಾಣವೆಂದರೆ ದೇವರೇ ಗತಿ. ಗಾಡಿಗಳಿಗೆ ಹೊತ್ತುಗೊತ್ತು ಇರಲಿಲ್ಲ, ತುಂಬಿದರೆ ಹೊರಡುತ್ತಿದ್ದವು, ಅಷ್ಟೆ. ತಲೆಯ ಮೇಲೆ ಗೆಣಸಿನ ಮೂಟೆ, ಕಾಲಡಿ ಕೋಳಿ, ಮಾಡಿನ ಮೇಲೆ ಕಟ್ಟಿಹಾಕಿದ ಆಡು. ಎಲ್ಲರೂ ಒಳಗೆ ಕೂತು ಬೆಂದು, ಕೊನೆಯ ಒಬ್ಬರಿಗಾಗಿ ದಾರಿ ಕಾಯಬೇಕು. ನನಗೆ ಹತ್ತು ವರ್ಷವಿದ್ದಾಗ, ಎಂಟು ತಿಂಗಳ ತಮ್ಮನಿಗೆ ಮಲೇರಿಯಾ ಜ್ವರ ಏರಿ ಫಿಟ್ಸ್ ಬಂತು. ಊರಿನ ಡಾಕ್ಟರು ಕುಮಾಸಿಗೆ ಒಯ್ಯಿರಿ, ಇವತ್ತೇ ಒಯ್ಯಿರಿ ಎಂದುಬಿಟ್ಟರು. ದೊಡ್ಡಾಸ್ಪತ್ರೆ ಇರುವ ಕುಮಾಸಿ ಎಂದರೆ ಇಡೀ ದಿನದ ದಾರಿ. ಅಪ್ಪ ಪರೀಕ್ಷೆಯ ಪೇಪರ್ ತಿದ್ದಲು ಮೊದಲೇ ಅಲ್ಲಿಗೆ ಹೋಗಿದ್ದರು, ಶಾಲೆಯಿಂದ ಅವರಿಗೆ ಸುದ್ದಿ ಮುಟ್ಟಿಸಿದ್ದರು. ಅಮ್ಮ, ಮಗು, ನಾನು ಬೆಳಗ್ಗೆಯೇ ಗಾಡಿ ಅಡ್ಡೆಗೆ ಹೋಗಿ ಹತ್ತಿ ಕೂತೆವು. ಒಬ್ಬರು ಕಡಿಮೆ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಆ ಸೀಟಿನ ದುಡ್ಡೂ ಕೊಡುತ್ತೇನೆ ಎಂದು ಅಮ್ಮ ಕೈ ಮುಗಿದಳು. ಡ್ರೈವರ್ ಮಹಾ ಹಟಮಾರಿ, ಖಾಲಿ ಸೀಟು ಇಟ್ಟುಕೊಂಡು ಹೊರಟರೆ ದಾರಿ ಒಳ್ಳೆಯದಾಗುವುದಿಲ್ಲ, ದುಡ್ಡು ಬೇಡ, ಆಳು ಬೇಕು ಎಂದ. ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು.

ಆಗ ಅಮ್ಮನ ಕಣ್ಣಿಗೆ ಅಜಾರಾ ಬಿದ್ದಳು. ಆಚೆ ಸಾಲಿನ ಗಾಡಿಯೊಂದರ ಬಾಗಿಲಲ್ಲಿ, ಮಡಿಲಲ್ಲಿ ಸಣ್ಣ ಗಂಟು ಇಟ್ಟುಕೊಂಡು ಕೂತಿದ್ದಳು. ನಮ್ಮ ಮಂದಿ ಬಸ್‌ಸ್ಟ್ಯಾಂಡಿನ ತನಕ ಬಂದು ಕಳಿಸಿಕೊಡುವುದಿಲ್ಲವೇ, ಹಾಗೆಯೇ ಬಂದು ನೆರಳು ಹುಡುಕಿ ಕೂತಿದ್ದಾಳೆ, ಗಂಟಿನಲ್ಲಿ ನಮಗೆ ಬುತ್ತಿ ಇದೆ ಎಂದೇ ಅಮ್ಮ ತಿಳಿದಳು. "ಬಾರವಾ ಅಜಾರಾ, ಹತ್ತವಾ ಲಗೂನ! ನೀ ಕುಂತ್ರ ಗಾಡಿ ಬಿಡ್ತಾನ" ಎಂದು ಕೂಗಿದಳು. ಅಜಾರಾ ಎದ್ದು ಬಂದು ಕಿಟಕಿಯ ಹತ್ತಿರ ನಿಂತಳು. ಅಮ್ಮನ ಮುಖವನ್ನೇ ನೋಡಿದಳು. ಎಲ್ಲಿಗೆ ಹೊರಟಿದ್ದೀ ಎಂದು ಕೇಳಲಿ ಎಂದು ಕಾದಳೆಂದು ಈಗ ನನಗನ್ನಿಸುತ್ತದೆ. ಅಮ್ಮ ಕೇಳಲಿಲ್ಲ, ಅವಳ ಬಾಯಿಗೆ ಆ ಪ್ರಶ್ನೆಯೇ ಬರುತ್ತಿರಲಿಲ್ಲ. ಅಜಾರಾ ಒಮ್ಮೆ ಹಿಂದಿರುಗಿ ಆ ಇನ್ನೊಂದು ಗಾಡಿಯನ್ನು ನೋಡಿದಳು, ಮತ್ತೆ ಮಗುವನ್ನು ನೋಡಿ, ಹತ್ತಿ ಕೂತಳು. ದಾರಿಯುದ್ದಕ್ಕೂ ಒದ್ದೆ ಬಟ್ಟೆಯಿಂದ ಮಗುವಿನ ಮೈ ಒರೆಸುತ್ತ ಬಂದಳು. ಕುಮಾಸಿಯ ಆಸ್ಪತ್ರೆಯ ಬಾಗಿಲಲ್ಲಿ ಮಗುವನ್ನು ಅಪ್ಪನ ಕೈಗೆ ಕೊಟ್ಟು, ಅನ್ನ ಉಂಡು ಹೋಗು ಎಂದರೂ ನಿಲ್ಲದೆ ವಾಪಸ್ ಹೊರಟಳು.

ತಮ್ಮ ಉಳಿದ. ವಾರದ ಮೇಲೆ ತಮಾಲೆಗೆ ಬಂದಾಗ ಅವಳ ಅಂಗಳದ ಒಲೆ ತಣ್ಣಗಿತ್ತು. ಎದುರು ಮನೆಯವರು ಹೇಳಿದರು: ಅವತ್ತು ಅವಳು ಮೊದಲು ಹತ್ತಿ ಕೂತದ್ದು ಯೆಂದಿಯ ಗಾಡಿ. ಯೆಂದಿ ಅವಳ ತವರು. ತಾಯಿಗೆ ತುಂಬ ಸೀರಿಯಸ್ ಎಂದು ನಸುಕಿನಲ್ಲೇ ಸುದ್ದಿ ಬಂದಿತ್ತು. ಕುಮಾಸಿಗೆ ಹೋಗಿ ತಿರುಗಿ ಅವಳು ಯೆಂದಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಅಜಾರಾ ಮರಳಿ ಬಂದಾಗ ಅಮ್ಮ ಅವಳ ಕಾಲು ಹಿಡಿಯಲು ಹೋದಳು. ಅಜಾರಾ ಅಮ್ಮನನ್ನು ಎತ್ತಿ, ಮಗುವನ್ನು ಇಸಿದುಕೊಂಡು, "ಇವನು ಬದುಕಿದ್ದಾನಲ್ಲ" ಎಂದಳು. ಮುಂದೆ ಆ ಮಾತು ಎತ್ತಲಿಲ್ಲ. ನಾಲ್ಕು ವರ್ಷದ ಮೇಲೆ ನಾವು ಊರು ಬಿಟ್ಟೆವು. ಒಂದೆರಡು ಕಾಗದ ಬರೆದೆವು, ಉತ್ತರ ಬರಲಿಲ್ಲ. ಆ ಮನೆ, ಆ ಗೋಡೆ ಈಗ ಇವೆಯೋ ಇಲ್ಲವೋ ಯಾರನ್ನು ಕೇಳಲಿ?

ಅಜಾರಾಳ ಸುದ್ದಿ ತಿಳಿದ ದಿನದಿಂದ ಅಮ್ಮ ಹೊರಟವರನ್ನೆಲ್ಲ "ಎಲ್ಲಿಗೆ?" ಎಂದು ಕೇಳತೊಡಗಿದಳು. ಅಪ್ಪ ಹೋದ ಮೇಲೆ ನನ್ನ ಜೊತೆ ಇರಲು ಈ ನಗರದ ಪುಂಗೋಲ್‌ಗೆ ಬಂದವಳು ಲಿಫ್ಟಿನಲ್ಲಿ ಗುರುತಿಲ್ಲದವರನ್ನೂ "ವೇರ್ ಗೋಯಿಂಗ್?" ಎನ್ನುತ್ತಿದ್ದಳು. ಪಕ್ಕದ ಮನೆಯ ಮಗು "ಸ್ಕೂಲ್ ಲಾ, ಆಂಟಿ!" ಎಂದು ನಗುತ್ತಿತ್ತು. ಇದೇ ನಗರದ ಸೆರಂಗೂನ್‌ನಲ್ಲಿರುವ ತಮ್ಮ ಮಾತ್ರ ಸಿಡುಕುತ್ತಿದ್ದ: "ಅಮ್ಮಾ, ಇಲ್ಲಿ ಹಾಗೆಲ್ಲ ಕೇಳ್ಬಾರ್ದು. ಪ್ರೈವೆಸಿ ಅಂತ ಇರತ್ತೆ." ಯಾಕೆ ಕೇಳುತ್ತಾಳೆಂದು ಅವನಿಗೆ ಹೇಳಕೂಡದೆಂದು ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಹಾಗಾಗಿ ಅದು ಈಗ ನನಗೊಬ್ಬಳಿಗೇ ಗೊತ್ತು.

ಹೋದ ವರ್ಷ ಒಂದು ಬೆಳಗ್ಗೆ ಅಮ್ಮನಿಗೆ ಎದೆಯಲ್ಲಿ ಏನೋ ಹಿಡಿದಂತಾಗುತ್ತಿತ್ತು. ಗ್ಯಾಸ್ ಇರಬೇಕು, ಸಂಜೆ ಕ್ಲಿನಿಕ್ಕಿಗೆ ಹೋಗೋಣ ಎಂದು ಬಿಸಿನೀರು ಕೊಟ್ಟೆ. ಬ್ಯಾಗ್ ಹೆಗಲಿಗೆ ಹಾಕಿಕೊಂಡಾಗ ಮಲಗಿದ್ದಲ್ಲಿಂದಲೇ "ಎಲ್ಲಿಗಿ ಹೊಂಟಿ?" ಎಂದಳು. "ದಿನಾ ಅದನ್ನೇ ಕೇಳ್ತಿಯಲ್ಲಮ್ಮ! ಸ್ಟಾಕ್ ಚೆಕ್ ಐತಿ, ರಜಾ ಹಾಕಾಕ ಆಗಂಗಿಲ್ಲ" ಎಂದು ಗದರಿ ಬಾಗಿಲೆಳೆದುಕೊಂಡೆ. ಮಧ್ಯಾಹ್ನ ಲಾಕರ್ ತೆಗೆದು, ಕೆಲಸದ ಹೊತ್ತಲ್ಲಿ ಅಲ್ಲಿಡುವ ಫೋನ್ ನೋಡಿದರೆ ಪಕ್ಕದ ಮನೆಯ ಆಂಟಿಯ ಒಂಬತ್ತು ಮಿಸ್ಡ್ ಕಾಲ್. ಅಜಾರಾ ತನ್ನ ತಾಯಿಯ ಮುಖ ಕೊನೆಯ ಸಲ ನೋಡುವುದನ್ನು ಬಿಟ್ಟುಕೊಟ್ಟದ್ದು ಒಂದು ಮಗುವಿನ ಜೀವಕ್ಕಾಗಿ. ನಾನು ಬಿಟ್ಟದ್ದು ಡ್ರಮ್ಮು ಎಣಿಸುವುದಕ್ಕಾಗಿ. ಇಲ್ಲಿ ಯಾವ ಗಾಡಿಯೂ ಯಾರಿಗೂ ಕಾಯುವುದಿಲ್ಲ, ಐದು ನಿಮಿಷಕ್ಕೊಂದು ರೈಲು. ಓಡಿ ಹತ್ತಿದೆ, ಕೂರಲು ಬೇಕಾದಷ್ಟು ಜಾಗವಿತ್ತು. ಪುಂಗೋಲ್ ಮುಟ್ಟುವಷ್ಟರಲ್ಲಿ ಅಮ್ಮ ಹೋಗಿದ್ದಳು.