ಅತ್ತೆಯವರ ಜಪಾನಿ ಪೈಲವಾನ

ಆ ಮುಂಜಾನೆ ನಮ್ಮ ಅತ್ತೆಯವರು ರೊಟ್ಟಿ ಬಡಿಯುವ ಸದ್ದಿನಲ್ಲೇ ಅವಸರವಿತ್ತು. ದಿನಾಲೂ ರೊಟ್ಟಿಯ ಅಂಚಿಗೆ ಬೆರಳೊತ್ತಿ ಒಂದೊಂದು ಬಿರುಕನ್ನೂ ಮುಚ್ಚುವವರು, ಅಂದು ಬಿರುಕು ಬಿಟ್ಟ ರೊಟ್ಟಿಯನ್ನೇ ಹೆಂಚಿಗೆ ಹಾಕುತ್ತಿದ್ದರು. ನಾನು ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಿದ್ದೆ. ಮಾವನವರೂ ನನ್ನವರೂ ಇಬ್ಬರೂ ಚಿಕ್ಕೋಡಿ ಕೋರ್ಟಿನಲ್ಲಿ ವಕೀಲರು. ಅವರು ಉಂಡು, ಕರಿ ಕೋಟು ತೋಳಿನ ಮೇಲೆ ಹಾಕಿಕೊಂಡು ಹೊರಬಿದ್ದರೆ ಟಿವಿ ನಮ್ಮದು.

"ಇವತ್ತ ಕಡೀ ದಿನ ಐತಿ ಬೇ. ಲಗೂ ಮುಗಸು," ಅಂದರು ಅತ್ತೆ.

ಕಡೆಯ ದಿನವೆಂದರೆ ಜಪಾನಿನ ಸುಮೊ ಕುಸ್ತಿಯದು. ಊರಿಗೆ ಕೇಬಲ್ ಬಂದ ಹೊಸದು. ಒಂದು ಸ್ಪೋರ್ಟ್ಸ್ ಚಾನಲ್ಲಿನಲ್ಲಿ ಗುಡಾಣದಂಥ ಹೊಟ್ಟೆಯ ಪೈಲವಾನರು ಉಪ್ಪು ತೂರಿ ಒಬ್ಬರ ಮೇಲೊಬ್ಬರು ನುಗ್ಗುವುದನ್ನು ಅತ್ತೆ ಒಂದು ದಿನ ಅಕಸ್ಮಾತ್ತಾಗಿ ಕಂಡರು. "ನಮ್ಮವರು ಕೆಮ್ಮಣ್ಣ ತೂರತಾರ, ಇವರು ಉಪ್ಪ. ಇಷ್ಟ ಫರಕು," ಎಂದು ಕುಳಿತವರು ಆಮೇಲೆ ಏಳಲೇ ಇಲ್ಲ.

ಅವರ ತವರು ಯಡೂರು. ಅಣ್ಣತಮ್ಮಂದಿರೆಲ್ಲ ತಾಲೀಮು ಮಾಡಿದವರು. ಅವರಿಗೆ ಬಾದಾಮಿ ಅರೆದುಕೊಟ್ಟದ್ದು ಅತ್ತೆ, ಲಂಗೋಟಿ ಒಗೆದು ಹಾಕಿದ್ದು ಅತ್ತೆ. ಆದರೆ ಕುಸ್ತಿ ನಡೆಯುವಲ್ಲಿಗೆ ಹೆಂಗಸರು ಹೋಗುವ ರೂಢಿ ಇರಲಿಲ್ಲ. ಹಲಗಿ ಸದ್ದು ಕೇಳುತ್ತಾ ಮನೆಯಲ್ಲಿ ಕುಳಿತು, ಯಾರು ಬಿದ್ದರು ಯಾರು ಎದ್ದರು ಎಂದು ಅಣ್ಣಂದಿರು ಬಂದು ಹೇಳುವ ತನಕ ಕಾಯಬೇಕು. ಹೀಗಾಗಿ, ತಲೆ ನೆರೆತ ಮೇಲೆ ಅವರು ಕಣ್ಣಾರೆ ಕಂಡ ಮೊದಲ ಕುಸ್ತಿ ಜಪಾನಿನದಾಯಿತು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಕಲಿಸಿದ ಇಂಗ್ಲಿಷು, ಮದುವೆಯಾದ ಮೇಲೆ ಔಷಧಿ ಬಾಟಲಿ ಓದುವುದಕ್ಕೆ ಬಿಟ್ಟರೆ ಉಪಯೋಗಕ್ಕೆ ಬಂದದ್ದು ಇಲ್ಲೇ, ಕುಸ್ತಿಯ ಕಾಮೆಂಟರಿಯವನ ಮಾತನ್ನು ಅತ್ತೆಗೆ ಕನ್ನಡದಲ್ಲಿ ಹೇಳುವುದಕ್ಕೆ.

"ಏನಂದ ಅಂವ?"

"ಬಲಗೈ ಒಳಗ ಹಾಕಿ ಸೊಂಟದ ಪಟ್ಟಾ ಹಿಡದಾನಂತ್ರಿ."

"ಅದು ನನಗೂ ಕಾಣ್ತೈತಿ. ಮುಂದ ಏನ ಮಾಡ್ತಾನಂತ?"

"ಅದು ಅವಗೂ ಗೊತ್ತಿಲ್ರಿ ಅತ್ತಿ."

"ಮತ್ತ್ಯಾಕ ಒಂದ ಸವನ ಒದರತಾನ?"

ಆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕ ಮೈಯವನೊಬ್ಬನಿದ್ದ. ಅವನ ಹೆಸರು ಬಾಯಲ್ಲಿ ಹೊರಳದೆ ಅತ್ತೆ ಅವನಿಗೆ "ನಮ್ಮ ಸಣ್ಣಾವ" ಎಂದು ಹೆಸರಿಟ್ಟಿದ್ದರು. ಈ ಸಲ ಅವನು ಗೆದ್ದದ್ದೂ ಸೋತದ್ದೂ ಸರಿಸಮ. ಇವತ್ತು ಗೆದ್ದರೆ ಮಾನ, ಸೋತರೆ ಕೆಳಗಿನ ಮೆಟ್ಟಿಲಿಗೆ ಇಳಿಸುತ್ತಾರೆ ಎಂದು ಹಿಂದಿನ ದಿನ ನಾನೇ ಕೇಳಿ ಹೇಳಿದ್ದೆ. ಹೇಳಬಾರದಿತ್ತು ಅನ್ನಿಸಿತ್ತು; ರಾತ್ರಿ ಅವರು ಒಂದೇ ರೊಟ್ಟಿ ಉಂಡಿದ್ದರು.

ಗಂಡಸರು ಹೊರಬಿದ್ದ ಮೇಲೆ ಟಿವಿ ಹಚ್ಚಿದರೆ ಭಜನೆ! ಸಾಲಾಗಿ ಕುಳಿತವರು ತಾಳ ಬಡಿಯುತ್ತಿದ್ದರು. ಅತ್ತೆ ಸೆರಗು ಹೊದ್ದು ಕೈಮುಗಿದರು.

"ಕಡೀ ದಿನ ಅಲ್ಲೇನ? ಮೊದಲ ದೇವರ ಕಾರ್ಯ ಮಾಡ್ತಾರ."

"ಅತ್ತಿ, ಇವರು ಜಪಾನದವರಲ್ರಿ. ಆ ಪೇಟಿ ಬಾರಿಸಾವನ್ನ ನೋಡ್ರಿ, ಹಣಿಗೆ ಗಂಧ ಐತಿ."

ಅವರು ಮುಗಿದ ಕೈ ಬಿಟ್ಟು ಎದ್ದೇಬಿಟ್ಟರು. "ನಡಿ. ಇವತ್ತ ಆ ಕೇಬಲ್ಲಿನಾವನ್ನ ಹಂಗ ಬಿಡೂದಿಲ್ಲ."

ಕೇಬಲ್ಲಿನವನ ಮನೆ ನಮ್ಮ ಓಣಿಯ ತುದಿಗೇ. ಅವನು ಮಾಳಿಗೆಯ ಮೇಲೆ ಡಿಶ್ಶಿನ ಹತ್ತಿರ ನಿಂತಿದ್ದ. ಅತ್ತೆಯ ನಡಿಗೆ ನೋಡಿದವನೇ, "ಅವ್ವಾ, ವಕೀಲರ ಮನಿಯವರು ಬಂದಾರ," ಎಂದು ಕೂಗಿ ಅಲ್ಲೇ ಉಳಿದ.

ಅವನ ತಾಯಿ ಸೆರಗಿಗೆ ಕೈ ಒರೆಸುತ್ತಾ ಬಂದರು. "ಬರ್ರಿ ಅಕ್ಕಾರ, ಬರ್ರಿ! ಮೊದಲನೇ ಸಲ ನಮ್ಮ ಹೊಸ್ತಿಲಾ ತುಳದೀರಿ." ಅತ್ತೆ ಬಾಯಿ ತೆರೆಯುವುದರೊಳಗೆ ಕುಂಕುಮದ ಬೆರಳು ಹಣೆ ಮುಟ್ಟಿತ್ತು. ಹಿಂದೆಯೇ ಅಕ್ಕಿ, ತೆಂಗಿನಕಾಯಿ, ಜಂಪರ್ ಪೀಸು. ಇಬ್ಬರ ಉಡಿಯನ್ನೂ ತುಂಬಿಬಿಟ್ಟರು. ಉಡಿ ತುಂಬಿಸಿಕೊಂಡ ಮನೆಯಲ್ಲಿ ನಿಂತು ಕೆಟ್ಟ ಮಾತಾಡುವವರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಎರಡೂ ಕೈಯಲ್ಲಿ ಸೆರಗು ಹಿಡಿದು, ಕಾಯಿ ಉರುಳದಂತೆ ನಿಂತ ಅತ್ತೆಯ ಬಾಯಿಂದ, "ನಿಮ್ಮ ಮಗ ಚಲೋ ಉದ್ಯೋಗ ಹಿಡದಾನ ನೋಡ್ರಿ," ಎಂಬ ಮಾತು ಹೊರಬಿತ್ತು. ಅದನ್ನು ಕೇಳಿ ನನಗಿಂತ ಅವರಿಗೇ ಹೆಚ್ಚು ಆಶ್ಚರ್ಯವಾಯಿತು.

ನಾನೇ ಮೆಲ್ಲಗೆ ಕುಸ್ತಿಯ ಮಾತೆತ್ತಿದೆ. ಮಾಳಿಗೆಯಿಂದ ಉತ್ತರ ಬಂತು. "ಅದು ಮ್ಯಾಲಿಂದನ ಬಂದ್ ಆಗೇತ್ರಿ ವೈನಿ. ದೇಶಕ್ಕೆಲ್ಲಾ ಬಂದ್. ನಾ ಏನ ಮಾಡ್ಲಿ?" ಅವನು ಆಕಾಶದ ಕಡೆ ಕೈ ಮಾಡಿದ. ನಾವಿಬ್ಬರೂ ಕತ್ತೆತ್ತಿ ನೋಡಿದೆವು. ಒಂದು ಹದ್ದು ಹಾರುತ್ತಿತ್ತು.

ಹಾದಿಯಲ್ಲಿ ಅತ್ತೆ ನನ್ನ ಮೇಲೆ ತಿರುಗಿದರು. "ಶಾಣ್ಯಾಕಿ, ನೀನರೆ ಜಗಳಾ ತಗೀಬೇಕಿಲ್ಲ?"

"ನನ್ನ ಉಡಿನೂ ತುಂಬಿದ್ರಲ್ರಿ."

"ಅದೂ ಖರೇನ ಬಿಡು. ಭಾರೀ ಹುಷಾರ ಅದಾಳ ಆಕಿ."

ಮಧ್ಯಾಹ್ನ ಅವರು ಕಣ್ಣು ಮುಚ್ಚಲಿಲ್ಲ. ಹೊರಳಿದರು, ಎದ್ದು ಕುಳಿತರು, ಸಣ್ಣ ಕಲ್ಲೂ ಇಲ್ಲದ ಬೇಳೆಯನ್ನು ಮತ್ತೆ ಆರಿಸಿದರು. ಕೋರ್ಟಿನಿಂದ ಬಂದ ಮಾವನವರು ಸಂಗತಿ ಕೇಳಿ, ಚಹಾ ಬಸಿಗೆ ಸುರಿದು ಆರಿಸುತ್ತಾ, "ಗೆದ್ದಿರ್ತಾನ ಬಿಡು," ಅಂದರು.

"ಗೆದ್ರಂತ, ಬಿದ್ರಂತ... ಹುಟ್ಟಿದಾಗಿಂದ ಮಂದಿ ಬಾಯಿಲೇನ ಕೇಳೀನಿ," ಅಂದರು ಅತ್ತೆ. "ಇದೊಂದ ಕಣ್ಣಿಲೆ ನೋಡಬೇಕಂದಿದ್ನಿ."

ಮಾವನವರು ಬಸಿಯಲ್ಲಿ ಉಳಿದ ಚಹಾವನ್ನು ಸದ್ದಿಲ್ಲದೆ ಕುಡಿದರು. ಸದ್ದಿಲ್ಲದೆ ಅವರು ಚಹಾ ಕುಡಿದದ್ದನ್ನು ನಾನು ಕಂಡದ್ದು ಅದೇ ಮೊದಲು.

ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯಾಕೆ ಬಟ್ಟಲು ಹಿಡಿದು ರಸ್ತೆ ದಾಟಿ ಬಂದಳು.

"ವೈನಿ, ಒಂದೀಟ ಹಾಲ ಐತೇನ್ರಿ? ನಮ್ಮದು ಮುಂಜಾನೆ ಒಲಿ ಪಾಲಾತು. ಟಿವಿದಾಗ ಆ ಹೊಟ್ಟಿ ಪೈಲವಾನರು ಬಂದಿದ್ರು, ನೋಡ್ಕೋತ ನಿಂತಬಿಟ್ನಿ."

ಕಟ್ಟೆಯ ಮೇಲೆ ಕುಳಿತಿದ್ದ ಅತ್ತೆ ಕತ್ತೆತ್ತಿದರು. "ನಿಮ್ಮ ಮನ್ಯಾಗ ಬರ್ತೈತೇನ ಅದು?"

"ದಿನಾ ಬರ್ತೈತ್ರಿ ಕಾಕೂ. ನಮ್ಮದು ಆ ಕಡಿ ಓಣಿಯಾವನ ಕೇಬಲ್ ಅಲ್ಲೇನ್ರಿ. ಇವತ್ತ ಏನ ಮಜಾ ಇತ್ತಂತೀರಿ! ಒಬ್ಬ ಸಣ್ಣಾವ, ಇಷ್ಟ ಇದ್ದಾವ, ಅಂಥಾ ಗುಡ್ಡದಂಥಾವನ ಪಟ್ಟಾ ಹಿಡದು ಹಿಂಗ ಎತ್ತಿದ ನೋಡ್ರಿ..." ಖಾಲಿ ಬಟ್ಟಲನ್ನು ಅವಳು ಎದೆಮಟ್ಟ ಎತ್ತಿ ತೋರಿಸಿದಳು.

ಅತ್ತೆ ಎದ್ದು ಬಂದು ಅವಳ ಮುಂಗೈ ಹಿಡಿದರು. "ಮುಂದ?"

"ಮುಂದೇನ್ರಿ ಕಾಕೂ," ಅಂದಳು ಅವಳು, "ಒಳಗ ಸುಂಯ್ ಅಂತು. ಟಿವಿ ಬಂದ್ ಮಾಡಿ ಓಡಿದ್ನಿ. ಅಷ್ಟರಾಗ ಅರ್ಧಾ ಪಾತೇಲಿ ಹಾಲ ಹೋಗಿತ್ತು."