ಉದ್ರಿ ಒಯ್ಯದವರ ಗುರ್ತು

ಕೆನಡಾದ ಈ ಊರಿನ ಅಂಗಡಿಯಲ್ಲಿ ಮೊನ್ನೆ ಕೆಂಪು ಬಾಳೆಹಣ್ಣು ಕಂಡವು. ನಾನಿರುವ ಕೋಣೆಗೆ ತಂದು ಸುಲಿದೆ. ನಮ್ಮ ಕಮಲಾಪುರದ ಹಣ್ಣಿನದೇ ವಾಸನೆ ಅನ್ನಿಸಿತು. ನನ್ನ ಮೂಗನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದೇ ದಿನ ಬಾಡಿಗೆ ಮನೆಯೊಂದು ಕೈತಪ್ಪಿತ್ತು. ಮನೆ ಸಿಕ್ಕರೆ ಮಾತ್ರ, ಕಲಬುರಗಿಯಲ್ಲಿ ಅವ್ವನ ಹತ್ತಿರ ಬಿಟ್ಟುಬಂದ ಮಗಳನ್ನು ಕರೆಸಿಕೊಳ್ಳಬಹುದು. ಕಾರಣ ಕೇಳಲು ಹೋದಾಗ ಬ್ಯಾಂಕಿನಾಕೆ ನಗುತ್ತಲೇ ಹೇಳಿದಳು: ಇಲ್ಲಿ ನೀವು ಸಾಲ ಮಾಡಿ ತೀರಿಸಿದ ದಾಖಲೆಯೇ ಇಲ್ಲ, ಮನೆ ಕೊಡುವವರು ಹೇಗೆ ನಂಬುತ್ತಾರೆ? ಬಂದಾಗಿನಿಂದ ಎಲ್ಲವನ್ನೂ ನಗದು ಕೊಟ್ಟೇ ಕೊಂಡಿದ್ದೆ. ಅದೇ ಮರ್ಯಾದೆ ಎಂದುಕೊಂಡಿದ್ದೆ. ಆ ನಗು... ಮೊದಲೂ ಕಂಡಿದ್ದೆ.

ಕಲಬುರಗಿಯ ಶರಣಬಸವೇಶ್ವರ ಗುಡಿಯ ಹತ್ತಿರ, ನಮ್ಮ ಓಣಿಯ ಕಿರಾಣಿ ಸಾವಕಾರರ ನಗು ಅದು. ಅಪ್ಪನಿಗೆ ಕಪನೂರಿನ ದಾಲ್ ಮಿಲ್ಲಿನಲ್ಲಿ ಕೆಲಸ ಸಿಕ್ಕಿ ನಾವು ನಮ್ಮೂರು ಕಮಲಾಪುರ ಬಿಟ್ಟು ಅಲ್ಲಿಗೆ ಬಂದಿದ್ದೆವು. ಅವರ ಅಂಗಡಿಯಲ್ಲಿ ಅವ್ವ ಎಂದೂ ಉದ್ರಿ ಹೇಳಿದವಳಲ್ಲ, ರೊಕ್ಕ ಕೊಟ್ಟೇ ಒಯ್ಯುತ್ತಿದ್ದಳು. ಮಿಲ್ಲು ಮುಚ್ಚಿದಾಗ ಮೊದಲ ಸಲ ಜೋಳ ಉದ್ರಿ ಕೇಳಲು ಹೋದಳು, ನನ್ನನ್ನೂ ಕರೆದುಕೊಂಡು.

"ರೊಕ್ಕ ಕೊಟ್ಟು ಒಯ್ಯೋರ್ದು ನನಗೇನು ಗುರ್ತು ಇರ್ತದ ಅಕ್ಕಾ? ಉದ್ರಿ ಒಯ್ದು ತಿರುಗಿ ಕೊಟ್ಟೋರ್ದು ಇರ್ತದ," ಅಂದರು ಸಾವಕಾರರು, ನಗುತ್ತಲೇ.

"ಹಂಗಾದ್ರ ಇಷ್ಟು ದಿನ ರೊಕ್ಕ ಕೊಟ್ಟಿದ್ದೇ ತಪ್ಪಾತೇನ್ರಿ ಸಾವಕಾರ್ರ?"

"ತಪ್ಪಂತ ಯಾರಂದ್ರು? ಕಮಲಾಪುರದಾಗ ಯಾರ ಅಂಗಡ್ಯಾಗ ಒಯ್ತಿದ್ರಿ?"

ಅವ್ವ ಹೇಳಿದಳು. ಚೀಲ ಖಾಲಿಯೇ ಮನೆಗೆ ಬಂತು.

ಮರುದಿನ ಅಂಗಡಿ ಮಧ್ಯಾಹ್ನದವರೆಗೆ ಮುಚ್ಚಿತ್ತು. ಅಮಾವಾಸ್ಯೆ ಬಿಟ್ಟು ಬೇರೆ ದಿನ ಅವರು ಬಾಗಿಲು ಹಾಕಿದ್ದನ್ನು ಓಣಿ ಕಂಡಿರಲಿಲ್ಲ. ಸಂಜೆ ತಾವಾಗಿಯೇ ಕರೆದು ಜೋಳ ಅಳೆದು ಕೊಟ್ಟರು. ಅವರು ಹಣ್ಣು ಮಾರುತ್ತಿರಲಿಲ್ಲ. ಆದರೂ ತಕ್ಕಡಿಯ ಪಕ್ಕ ಕೆಂಪು ಬಾಳೆಯ ಚಿಪ್ಪೊಂದಿತ್ತು. ಅದರಲ್ಲೊಂದು ಮುರಿದು ನನ್ನ ಕೈಗಿಟ್ಟರು.

ದಾರಿಯಲ್ಲಿ ಅವ್ವ ಸಿಡಿದಳು: "ಬಸ್ ಹತ್ತಿ ನಮ್ಮೂರಿಗೆ ಹೋಗ್ಯಾನ ನೋಡು, ನಮ್ಮ ಮಾನ ತೂಗಾಕ!" ಹಣ್ಣು ತಿನ್ನಬೇಕೋ ಬಿಡಬೇಕೋ ತಿಳಿಯದೆ ಹಿಡಿದುಕೊಂಡೇ ನಡೆದೆ.

ಅಪ್ಪನಿಗೆ ಮತ್ತೆ ಕೆಲಸ ಸಿಕ್ಕ ಮೇಲೆ, ಸೆರಗಿನ ಗಂಟಿನಲ್ಲಿ ರೊಕ್ಕ ಇದ್ದರೂ ಅವ್ವ ಒಂದು ಸೋಪನ್ನಾದರೂ ಉದ್ರಿ ತರುತ್ತಿದ್ದಳು, ಸೋಮವಾರ ತೀರಿಸುತ್ತಿದ್ದಳು. "ಗುರ್ತು ಇರ್ಲಿ" ಅನ್ನುತ್ತಿದ್ದಳು. ಅವರು ಕೊಟ್ಟ ಜೋಳವನ್ನು ಮನೆಯ ಸೇರಿನಲ್ಲಿ ಮತ್ತೆ ಅಳೆಯುವುದನ್ನು ಮಾತ್ರ ಬಿಡಲಿಲ್ಲ.

ಸಾವಕಾರರು ನಿಜವಾಗಿ ಕಮಲಾಪುರಕ್ಕೆ ಹೋಗಿದ್ದರೇ? ಆ ಹಣ್ಣು ಕಲಬುರಗಿಯ ಮಾರುಕಟ್ಟೆಯಲ್ಲೂ ಸಿಗುತ್ತದೆ. ಅಂಗಡಿ ಮುಚ್ಚಿದ್ದು ಬೇರೆ ಯಾವ ದಿನವೋ... ನಿನ್ನೆ ಫೋನಿನಲ್ಲಿ ಅವ್ವನನ್ನು ಕೇಳಿದೆ. "ಹೋಗ್ಯಾನ ಅಂತ ನೀನೇ ಅಂದಿದ್ದಿ. ನಾ ಯಾವಾಗ ಅಂದೆ?" ಎಂದಳು. ಅವರನ್ನೇ ಕೇಳೋಣವೆಂದರೆ ತೀರಿಕೊಂಡು ವರ್ಷಗಳಾದವು. ಅಂಗಡಿ ಇದ್ದಲ್ಲಿ ಈಗ ಮೊಬೈಲ್ ರಿಪೇರಿ.

ಇಂದು ಬ್ಯಾಂಕಿನಾಕೆ ಹೇಳಿದಂತೆ, ನನ್ನದೇ ಹಣ ಅಡವಿಟ್ಟು ಚಿಕ್ಕ ಮಿತಿಯ ಒಂದು ಕ್ರೆಡಿಟ್ ಕಾರ್ಡು ಪಡೆದೆ. ಅದರ ಮೇಲೆ ಮೊದಲು ಕೊಂಡದ್ದು ಒಂದು ಸೋಪು. ನಂಬಿಕೆ ಬೆಳೆಯಲು ವರ್ಷವಾದರೂ ಬೇಕಂತೆ. ಅಲ್ಲಿಯವರೆಗೆ ಮಗಳಿಗೆ ಏನು ಹೇಳಲಿ... ನನ್ನ ಮೇಲೆ ಸಂಶಯಪಡುವವರು ಈ ದೇಶದಲ್ಲಿ ಬೇಕಾದಷ್ಟಿದ್ದಾರೆ. ಆ ಸಂಶಯ ಹೊತ್ತುಕೊಂಡು, ಅರ್ಧ ದಿನದ ವ್ಯಾಪಾರ ಬಿಟ್ಟು, ವಿಚಾರಿಸಿ ಬರಲು ನಮ್ಮೂರಿನ ಬಸ್ ಹತ್ತುವವರು ಮಾತ್ರ ಈಗ ಇಲ್ಲ.